ನೂರಕ್ಕೆ ಹದಿನೈದು ತಗೊಂಡು ಪಾಸಾದ ಕಾರ್ಖಾನೆ

ಇವತ್ತಿನ ಸಂಚಿಕೆ ಒಂದು ಮಾರ್ಕ್ಸ್ ಕಾರ್ಡ್‌ನಿಂದ ಶುರು.

ಊರಿನ ಸೊಸೈಟಿಯಲ್ಲಿ ಸಿಗುವ ಯೂರಿಯಾ ಚೀಲ ನೀವು ನೋಡಿರ್ತೀರಿ. 45 ಕೆ.ಜಿ. ಚೀಲ. ಅದರಲ್ಲಿ ಗಿಡಕ್ಕೆ ಬೇಕಾದ ಸಾರಜನಕ, ಅಂದ್ರೆ ನೈಟ್ರೋಜನ್, ಸುಮಾರು 21 ಕೆ.ಜಿ. ಇರುತ್ತೆ. ಅಷ್ಟೂ ಗಾಳಿಯಿಂದ ಬಂದದ್ದು. ಗಾಳಿಯ ನೈಟ್ರೋಜನ್ನನ್ನು ಹೈಡ್ರೋಜನ್ ಜೊತೆ ಕೂಡಿಸಿ ಮೊದಲು ಅಮೋನಿಯಾ ಮಾಡ್ತಾರೆ, ಆಮೇಲೆ ಯೂರಿಯಾ. ಈ ಅಮೋನಿಯಾ ತಯಾರಾಗುವ ಉಕ್ಕಿನ ದೊಡ್ಡ ಪಾತ್ರೆಗೆ ರಿಯಾಕ್ಟರ್ ಅಂತ ಹೆಸರು. ಅನಿಲ ಒಂದು ಸಲ ಅದರೊಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಎಷ್ಟು ಪಾಲು ಅಮೋನಿಯಾ ಆಗಿರುತ್ತೆ ಗೊತ್ತಾ? ನೂರಕ್ಕೆ ಸುಮಾರು ಹದಿನೈದು. ಉಳಿದ ಎಂಬತ್ತೈದು ಹೋದ ಹಾಗೇ ವಾಪಸ್ ಬರುತ್ತೆ.

ಪಾಸಾಗೋಕೆ ಮೂವತ್ತೈದು ಬೇಕು ಅಂತ ಕೇಳಿಕೊಂಡೇ ಬೆಳೆದವರು ನಾವು. ಹದಿನೈದು ಅಂದ್ರೆ ನೇರ ಫೇಲ್. ಆದರೆ ಈ ಫೇಲಾದ ರಿಯಾಕ್ಟರ್ ಇಲ್ಲದಿದ್ದರೆ ಇವತ್ತಿನ ಜಗತ್ತಿನ ಜನಸಂಖ್ಯೆಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಊಟ ಸಿಗ್ತಿರಲಿಲ್ಲ ಅಂತ ಅಂದಾಜು. ಹಾಗಾದರೆ ಇಂಥ ಕಡಿಮೆ ಅಂಕವನ್ನು ಎಂಜಿನಿಯರುಗಳು ಬೇಕಂತಲೇ ಯಾಕೆ ಒಪ್ಪಿಕೊಂಡರು? ಅದಕ್ಕೆ ಬದಲಾಗಿ ಏನು ತೆತ್ತರು, ಯಾರು ತೆತ್ತರು? ಇದು ನೂರು ವರ್ಷಕ್ಕೂ ಹಳೆಯ ಜರ್ಮನಿಯ ಕಥೆ. ಕೊನೆಗೆ ಸ್ವಲ್ಪ ನಮ್ಮ ಪಣಂಬೂರಿಗೂ ಬರ್ತೀವಿ.

ಮೊದಲು, ಇದೆಲ್ಲ ಯಾಕೆ ಬೇಕಾಯ್ತು ಅನ್ನೋದು. 1898ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಜ್ಞಾನಿಗಳ ಸಮಾವೇಶ ನಡೆಯಿತು. ವಿಲಿಯಂ ಕ್ರೂಕ್ಸ್ ಎಂಬ ಹಿರಿಯ ರಸಾಯನ ವಿಜ್ಞಾನಿ ಅಲ್ಲಿ ಎದ್ದು ನಿಂತು ಎಲ್ಲರನ್ನೂ ಹೆದರಿಸಿಬಿಟ್ಟರು. ಗೋಧಿ ತಿನ್ನುವವರು ಹೆಚ್ಚುತ್ತಿದ್ದಾರೆ, ಗೋಧಿಗೆ ಸಾರಜನಕ ಬೇಕು, ಅದು ಬರುತ್ತಿರುವುದು ದಕ್ಷಿಣ ಅಮೆರಿಕದ ಚಿಲಿ ದೇಶದ ಮರುಭೂಮಿಯಲ್ಲಿ ಅಗೆದು ತೆಗೆಯುವ ನೈಟ್ರೇಟ್ ಉಪ್ಪಿನಿಂದ, ಅದು ಒಂದು ದಿನ ಮುಗಿಯುತ್ತೆ ಅಂತ. ತಮಾಷೆ ಏನಂದ್ರೆ ನಮ್ಮ ತಲೆಯ ಮೇಲಿನ ಗಾಳಿಯಲ್ಲಿ ಶೇಕಡ 78ರಷ್ಟು ಇರುವುದು ನೈಟ್ರೋಜನ್ನೇ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಸಮುದ್ರದ ನಡುವೆ ಕೂತು ಕುಡಿಯೋ ನೀರಿಗೆ ಪರದಾಡಿದ ಹಾಗೆ.

ಆ ಜೋಡಿಯನ್ನು ಬಿಡಿಸೋಕೆ ನಾರ್ವೆಯವರು ಒಂದು ದಾರಿ ಹಿಡಿದರು. 1905ರ ಹೊತ್ತಿಗೆ ಅಲ್ಲಿ ಗಾಳಿಯನ್ನು ವಿದ್ಯುತ್ ಕಿಡಿಯ ನಡುವೆ ಹಾಯಿಸಿ, ಸುಮಾರು 3000 ಡಿಗ್ರಿ ಶಾಖದಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವ ಕಾರ್ಖಾನೆ ಬಂತು. ಕಚ್ಚಾವಸ್ತು ಬರೀ ಗಾಳಿ, ಅಂದ್ರೆ ಬಿಟ್ಟಿ. ಆದರೆ ಸಿಕ್ಕಿದ್ದು ನೂರಕ್ಕೆ ಎರಡರಷ್ಟು, ಕುಡಿದ ಕರೆಂಟಿಗೆ ಲೆಕ್ಕವೇ ಇಲ್ಲ. ಜಲಪಾತದ ಪಕ್ಕದಲ್ಲಿ ಕರೆಂಟು ಅಗ್ಗವಾಗಿ ಸಿಗುವ ನಾರ್ವೆಯಂಥ ಕಡೆ ಮಾತ್ರ ಇದು ನಡೆಯುವ ವ್ಯಾಪಾರ. ಜರ್ಮನಿಗೆ ಬೇರೆ ದಾರಿ ಬೇಕಿತ್ತು.

ಈಗ ಸ್ವಲ್ಪ ಪಿಯುಸಿ ಕೆಮಿಸ್ಟ್ರಿ. ಹೆದರಬೇಡಿ, ಎರಡೇ ನಿಮಿಷ.

ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುತ್ತೆ. ಆದ ಅಮೋನಿಯಾ ಒಡೆದು ಮತ್ತೆ ನೈಟ್ರೋಜನ್, ಹೈಡ್ರೋಜನ್ ಕೂಡ ಆಗುತ್ತೆ. ಎರಡೂ ಏಕಕಾಲಕ್ಕೆ. ಮೆಜೆಸ್ಟಿಕ್‌ನಲ್ಲಿ ನಿಂತ ಸಿಟಿ ಬಸ್ ನೆನಪಿಸಿಕೊಳ್ಳಿ: ಒಂದು ಬಾಗಿಲಲ್ಲಿ ಹತ್ತುತ್ತಾರೆ, ಇನ್ನೊಂದರಲ್ಲಿ ಇಳಿಯುತ್ತಾರೆ. ಹತ್ತುವವರೂ ಇಳಿಯುವವರೂ ಸಮ ಆದಾಗ ಬಸ್ಸಿನೊಳಗಿನ ಜನ ಅಷ್ಟೇ ಇರ್ತಾರೆ. ಇದಕ್ಕೇ ಸಮತೋಲನ ಅಂತ ಹೆಸರು. ಬಸ್ಸು ಎಷ್ಟು ತುಂಬಿರುತ್ತೆ ಅನ್ನೋದನ್ನ ಒತ್ತಡ ಮತ್ತು ಶಾಖ ನಿರ್ಧರಿಸುತ್ತವೆ. ಒತ್ತಡ ಜಾಸ್ತಿ ಮಾಡಿದರೆ ಅಮೋನಿಯಾ ಜಾಸ್ತಿ. ಶಾಖ ಜಾಸ್ತಿ ಮಾಡಿದರೆ ಅಮೋನಿಯಾ ಕಡಿಮೆ.

ಅಂಕಿ ಕೇಳಿ. ಒತ್ತಡ ನಮ್ಮ ಸುತ್ತಲಿನ ಗಾಳಿಯ 300 ಪಟ್ಟು ಇದೆ ಅಂತ ಇಟ್ಕೊಳ್ಳಿ. 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರಕ್ಕೆ ಸುಮಾರು 47 ಭಾಗದವರೆಗೆ ಅಮೋನಿಯಾ ಆಗಬಹುದು. 500 ಡಿಗ್ರಿಗೆ ಏರಿಸಿದರೆ ಅದು 26ಕ್ಕೆ ಇಳಿಯುತ್ತೆ. 600ಕ್ಕೆ ಹೋದರೆ 14. ಹಾಗಾದರೆ ತಣ್ಣಗೇ ಇಟ್ಟರಾಯ್ತಲ್ವಾ? 200 ಡಿಗ್ರಿಯಲ್ಲಿ ಕಾಗದದ ಮೇಲೆ 90ರ ಹತ್ತಿರ ಬರುತ್ತೆ! ಬರುತ್ತೆ, ನಿಜ. ಆದರೆ ಯಾವಾಗ? ಅಷ್ಟು ತಣ್ಣಗಿದ್ದರೆ ಆ ಬಿಗಿ ಜೋಡಿ ಬಿಡೋದೇ ಇಲ್ಲ. ಬಸ್ಸು ತುಂಬುತ್ತೆ, ಆದರೆ ತುಂಬುವಷ್ಟರಲ್ಲಿ ಡ್ರೈವರ್ ರಿಟೈರ್ ಆಗಿರ್ತಾನೆ.

ಶಾಖ ಕೊಟ್ಟರೆ ವೇಗ ಬರುತ್ತೆ, ಫಸಲು ಹೋಗುತ್ತೆ. ಶಾಖ ತೆಗೆದರೆ ಫಸಲು ಇರುತ್ತೆ, ವೇಗ ಹೋಗುತ್ತೆ. ರಾಸಾಯನಿಕ ಕಾರ್ಖಾನೆ ವಿನ್ಯಾಸ ಮಾಡುವವರ ಇಡೀ ಜೀವನ ಇಂಥ ಚೌಕಾಸಿಯಲ್ಲೇ ಕಳೆಯುತ್ತೆ. ಒಂದು ಕಡೆ ಸುಧಾರಿಸಿದರೆ ಇನ್ನೊಂದು ಕಡೆ ದಂಡ ಕಟ್ಟಲೇಬೇಕು. ಈ ದಂಡ ಮಾಯ ಆಗೋದಿಲ್ಲ. ಜಾಗ ಬದಲಿಸುತ್ತೆ ಅಷ್ಟೇ. ಅಮೋನಿಯಾದ ಇತಿಹಾಸ ಅಂದ್ರೆ ಈ ದಂಡ ಯಾರ ಹೆಗಲಿನಿಂದ ಯಾರ ಹೆಗಲಿಗೆ ದಾಟಿತು ಅನ್ನೋದರ ಇತಿಹಾಸ.

ಒತ್ತಡದಿಂದ ಹೀಗಾಗುತ್ತೆ, ಶಾಖದಿಂದ ಹಾಗಾಗುತ್ತೆ ಅನ್ನೋ ತತ್ವ ಯಾರ ಹೆಸರಲ್ಲಿದೆ? ಲೆ ಶಾಟೆಲಿಯರ್. ಫ್ರಾನ್ಸಿನ ಈ ಮಹಾಶಯ 1901ರಲ್ಲೇ ತಮ್ಮ ತತ್ವ ನಂಬಿ ಹೆಚ್ಚಿನ ಒತ್ತಡದಲ್ಲಿ ಅಮೋನಿಯಾ ಮಾಡಲು ಹೊರಟಿದ್ದರು. ಉಪಕರಣದೊಳಗೆ ಗಾಳಿ ಸೇರಿಕೊಂಡು ಸ್ಫೋಟ ಆಯ್ತು. ಅವರು ಆ ಕೆಲಸವನ್ನೇ ಬಿಟ್ಟುಬಿಟ್ಟರು. ಎಂಥ ಅವಕಾಶ ಕೈಜಾರಿತು ಅಂತ ವಯಸ್ಸಾದ ಮೇಲೂ ಅವರಿಗೆ ಕೊರಗು ಉಳಿದಿತ್ತು.

ಮುಂದೆ ಬರೋದು ಫ್ರಿಟ್ಜ್ ಹೇಬರ್. ಕಾರ್ಲ್ಸ್‌ರೂಹೆಯ ತಾಂತ್ರಿಕ ಕಾಲೇಜಿನಲ್ಲಿದ್ದ ಇವರು 1904ರ ಸುಮಾರಿಗೆ ಮೊದಲ ಪ್ರಯೋಗ ಮಾಡಿದಾಗ 1000 ಡಿಗ್ರಿ ಶಾಖ, ಮಾಮೂಲಿ ಒತ್ತಡ ಇಟ್ಟಿದ್ದರು. ಸಿಕ್ಕ ಅಮೋನಿಯಾ ಹತ್ತು ಸಾವಿರ ಭಾಗಕ್ಕೆ ಒಂದರ ಆಸುಪಾಸು. ಇದರಿಂದ ಕಾರ್ಖಾನೆ ಆಗಲ್ಲ ಅಂತ ಅವರೇ ಕೈಬಿಡುವವರಿದ್ದರು. ಆಗ ವಾಲ್ಟರ್ ನೆರ್ನ್ಸ್ಟ್ ಎಂಬ ದೊಡ್ಡ ವಿಜ್ಞಾನಿ, ನಿಮ್ಮ ಅಂಕಿಗಳು ನನ್ನ ಸಿದ್ಧಾಂತಕ್ಕೆ ಹೊಂದಲ್ಲ, ಲೆಕ್ಕ ತಪ್ಪಿದೆ ಅಂತ ತಕರಾರು ತೆಗೆದರು. 1907ರಲ್ಲಿ ಹ್ಯಾಂಬರ್ಗ್‌ನ ಸಭೆಯಲ್ಲಿ ಎಲ್ಲರೆದುರಿಗೇ ಹೇಳಿದರು. ಹೇಬರ್‌ಗೆ ಇದು ಮನಸ್ಸಿಗೆ ತಾಗಿತು. ನನಗನ್ನಿಸೋದು, ವಿಜ್ಞಾನದಲ್ಲಿ ಎಷ್ಟೋ ದೊಡ್ಡ ಕೆಲಸಗಳ ಹಿಂದೆ ಇಂಥ ಒಂದು ಉರಿ ಇರುತ್ತೆ. ರಾಬರ್ಟ್ ಲೆ ರೊಸಿನ್ಯೋಲ್ ಎಂಬ ಕೈಚಳಕದ ಬ್ರಿಟಿಷ್ ಸಹಾಯಕನ ಜೊತೆ ಹೇಬರ್ ಮತ್ತೆ ಅಳತೆಗೆ ಕೂತರು. ಈ ಸಲ ಒತ್ತಡ ಹಾಕಿ.

ಇಲ್ಲಿ ಹೇಬರ್‌ಗೆ ಹೊಳೆದ ಒಂದು ವಿಷಯ ಇಡೀ ಕಥೆಯ ಕೀಲಿ. ಒಂದೇ ಸಲಕ್ಕೆ ಪೂರ್ತಿ ಅನಿಲ ಅಮೋನಿಯಾ ಆಗಬೇಕು ಅನ್ನೋ ಹಟ ಯಾಕೆ? ಆದಷ್ಟು ಆಗಲಿ. ಅದನ್ನು ತಣ್ಣಗೆ ಮಾಡಿ ದ್ರವವಾಗಿ ಬಸಿದುಕೊಳ್ಳೋಣ. ಉಳಿದ ಅನಿಲವನ್ನು ಒತ್ತಡ ಇಳಿಸದೆ ಮತ್ತೆ ಒಳಗೆ ಕಳಿಸೋಣ. ಕಬ್ಬಿನ ಹಾಲಿನ ಗಾಡಿಯವನು ಮಾಡೋದು ಇದನ್ನೇ. ಒಂದು ಸಲ ಕಬ್ಬು ಹಾಕಿದಾಗ ಪೂರ್ತಿ ರಸ ಬರಲ್ಲ. ಮಡಚಿ ಮತ್ತೆ ಹಾಕ್ತಾನೆ, ಮತ್ತೊಮ್ಮೆ ಹಾಕ್ತಾನೆ. ಒಂದು ಸುತ್ತಿನಲ್ಲಿ ಎಷ್ಟು ರಸ ಬಂತು ಅಂತ ಅವನು ತಲೆ ಕೆಡಿಸಿಕೊಳ್ಳಲ್ಲ. ಗಂಟೆಗೆ ಎಷ್ಟು ಲೋಟ ಅನ್ನೋದಷ್ಟೇ ಅವನ ಲೆಕ್ಕ. ಶೇಕಡಾವಾರು ಫಸಲನ್ನು ಬಿಟ್ಟು ಗಂಟೆಗೆ ಎಷ್ಟು ಅನ್ನೋದರ ಕಡೆ ಹೇಬರ್ ಕಣ್ಣು ತಿರುಗಿಸಿದ್ದೇ ಹದಿನೈದು ಅಂಕ ಪಾಸಾಗಲು ಕಾರಣ.

1909ರ ಜುಲೈ 2. ಬಿಎಎಸ್‌ಎಫ್ ಎಂಬ ದೊಡ್ಡ ಬಣ್ಣದ ಕಂಪನಿಯಿಂದ ಕಾರ್ಲ್ಸ್‌ರೂಹೆಗೆ ಬಂದವರಲ್ಲಿ ಕಾರ್ಲ್ ಬಾಷ್ ಮತ್ತು ಆಲ್ವಿನ್ ಮಿಟಾಶ್ ಇದ್ದರು. ಒತ್ತಡಕ್ಕೆ ಉಪಕರಣದ ಒಂದು ಬೋಲ್ಟ್ ಕೈಕೊಟ್ಟಿತು. ರಿಪೇರಿಗೆ ಗಂಟೆಗಳೇ ಹಿಡಿದವು. ಬಾಷ್ ಹೊರಟುಹೋದರು, ಮಿಟಾಶ್ ಉಳಿದರು. ಸಂಜೆಗೆ ಅಮೋನಿಯಾ ತೊಟ್ಟಿಕ್ಕಿದ್ದನ್ನು ಮಿಟಾಶ್ ಕಣ್ಣಾರೆ ಕಂಡರು. ಗಂಟೆಗೆ ಸುಮಾರು 80 ಗ್ರಾಂ. ಒಂದು ಲೋಟದಷ್ಟು. ಅಷ್ಟು ಸಾಕಿತ್ತು.

ಈ ಬಾಷ್ ಯಾರು ಅಂತ ಬೆಂಗಳೂರಿನವರಿಗೆ ಕುತೂಹಲ ಇರಬಹುದು. ಹೌದು, ಅದೇ ಬಾಷ್. ನಾವು ಮೈಕೋ ಅಂತ ಕರೆಯುತ್ತಿದ್ದ ಆಡುಗೋಡಿಯ ಕಾರ್ಖಾನೆಗೆ ಈಗ ಯಾರ ಹೆಸರಿದೆಯೋ ಆ ರಾಬರ್ಟ್ ಬಾಷ್ ಅವರ ತಮ್ಮನ ಮಗನೋ ಅಣ್ಣನ ಮಗನೋ, ಅಂತೂ ಸೋದರ ಸಂಬಂಧ. ಕಾರ್ಲ್ ರಸಾಯನ ವಿಜ್ಞಾನ ಓದುವುದಕ್ಕೆ ಮುಂಚೆ ಲೋಹ ಮತ್ತು ಯಂತ್ರಗಳ ಬಗ್ಗೆ ಓದಿದ್ದವರು. ಕಂಪನಿಯ ಹಿರಿಯರು, ಇಷ್ಟು ಒತ್ತಡವೇ, ಏಳು ಪಟ್ಟಿನ ಪಾತ್ರೆಯೇ ಮೊನ್ನೆ ಸಿಡಿದಿದೆ ಅಂತ ಗಾಬರಿಯಾದರಂತೆ. ಉಕ್ಕಿನ ಕೈಲಿ ಏನಾಗುತ್ತೆ ಅಂತ ನನಗೆ ಗೊತ್ತು, ನೋಡೇಬಿಡೋಣ ಅಂದವರು ಬಾಷ್.

ಒತ್ತಡದ ಅಂದಾಜಿಗೆ ಹೇಳ್ತೀನಿ: ಮನೆಯ ಕುಕ್ಕರ್ ವಿಷಲ್ ಹೊಡೆಯುವಾಗ ಒಳಗೆ ಇರೋದು ಹೊರಗಿನ ಒತ್ತಡದ ಸುಮಾರು ಎರಡು ಪಟ್ಟು. ಬಾಷ್‌ಗೆ ಬೇಕಿದ್ದದ್ದು 200 ಪಟ್ಟು. ಅದೂ 500 ಡಿಗ್ರಿ ಶಾಖದಲ್ಲಿ, ಒಳಗೆ ಹೈಡ್ರೋಜನ್ ತುಂಬಿಕೊಂಡು.

ಎರಡು ತೊಂದರೆ ಒಟ್ಟಿಗೆ ಎದುರಾದವು. ಮೊದಲನೆಯದು ವೇಗವರ್ಧಕ, ಕ್ಯಾಟಲಿಸ್ಟ್. ಕ್ರಿಯೆಯ ವೇಗ ಹೆಚ್ಚಿಸಿ ತಾನು ಖರ್ಚಾಗದೆ ಉಳಿಯುವ ಪದಾರ್ಥ ಇದು. ಹೇಬರ್ ಬಳಸಿದ್ದು ಆಸ್ಮಿಯಂ. ಅದ್ಭುತವಾಗಿ ಕೆಲಸ ಮಾಡ್ತಿತ್ತು, ಆದರೆ ಇಡೀ ಜಗತ್ತಿನಲ್ಲಿ ಕೊಳ್ಳಲು ಸಿಗುತ್ತಿದ್ದದ್ದು ನೂರು ಕೆ.ಜಿ.ಯಷ್ಟು. ಬಿಎಎಸ್‌ಎಫ್ ಸಿಕ್ಕಷ್ಟನ್ನೂ ಕೊಂಡುಬಿಟ್ಟಿತು. ಆದರೂ ಅದನ್ನು ನೆಚ್ಚಿ ಸಾಲು ಸಾಲು ಕಾರ್ಖಾನೆ ಕಟ್ಟೋಕಾಗುತ್ತಾ?

ಮಿಟಾಶ್ ಹಿಡಿದದ್ದು ಭಂಡ ಧೈರ್ಯದ ದಾರಿ. ಸಿಕ್ಕಿದ್ದನ್ನೆಲ್ಲ ಪರೀಕ್ಷಿಸು. ಎರಡು ಗ್ರಾಂ ಪುಡಿ ಹಾಕಿದರೆ ಸಾಕಾಗುವ ಪುಟ್ಟ ರಿಯಾಕ್ಟರುಗಳನ್ನು ಸಾಲಾಗಿ ಇಟ್ಟು, ಬ್ಯಾಟರಿ ಸೆಲ್ ಬದಲಿಸಿದ ಹಾಗೆ ಪುಡಿ ಬದಲಿಸುತ್ತ ಹೋದರು. 1912ರ ಹೊತ್ತಿಗೆ ಸುಮಾರು 2,500 ಪದಾರ್ಥಗಳು, 6,500 ಪ್ರಯೋಗಗಳು. ಶುದ್ಧ ಕಬ್ಬಿಣ ಏನೂ ಪ್ರಯೋಜನಕ್ಕೆ ಬರಲಿಲ್ಲ. ಆದರೆ 1909ರ ನವೆಂಬರ್‌ನಲ್ಲಿ ಸ್ವೀಡನ್ ದೇಶದ ಒಂದು ಕಬ್ಬಿಣದ ಅದಿರು ಚೆನ್ನಾಗಿ ನಡೆಯಿತು. ಯಾಕೆ? ಅದರಲ್ಲಿ ಕಲ್ಮಶ ಇತ್ತು. ಆ ಕಲ್ಮಶವನ್ನೇ ಅಳೆದು ಸೇರಿಸಿ, ಕಬ್ಬಿಣಕ್ಕೆ ಅಲ್ಯೂಮಿನಾ, ಪೊಟ್ಯಾಷಿಯಂ, ಕ್ಯಾಲ್ಸಿಯಂ ಬೆರೆಸಿದ ಪಾಕ ಸಿದ್ಧವಾಯ್ತು. ಇವತ್ತಿಗೂ ಹೆಚ್ಚಿನ ಅಮೋನಿಯಾ ಕಾರ್ಖಾನೆಗಳು ಬಳಸೋದು ಮೂಲದಲ್ಲಿ ಇದೇ ಪಾಕ. ಈ ಕಬ್ಬಿಣಕ್ಕೆ ಚುರುಕು ಬರಬೇಕಾದರೆ ಮಾತ್ರ 400ರಿಂದ 500 ಡಿಗ್ರಿ ಬೇಕು. ಅಂದ್ರೆ ಅಗ್ಗದ ಕ್ಯಾಟಲಿಸ್ಟ್ ಆರಿಸಿಕೊಂಡ ಮೇಲೆ ಫಸಲು ತಂತಾನೇ ಕಡಿಮೆ ಆಯ್ತು, ಅದನ್ನು ಸರಿದೂಗಿಸಲು ಒತ್ತಡ ಏರಿಸಬೇಕಾಯ್ತು. ದಂಡ ಈಗ ಉಕ್ಕಿನ ಹೆಗಲಿಗೆ.

ಉಕ್ಕು ತಡೆಯಲಿಲ್ಲ. 1911ರಲ್ಲಿ ಬಾಷ್ ಅವರ ಪ್ರಯೋಗದ ಕೊಳವೆಗಳು ಸುಮಾರು 80 ಗಂಟೆ ಓಡಿ ಸಿಡಿದವು. ಪುಣ್ಯಕ್ಕೆ ಅವನ್ನು ಕಾಂಕ್ರೀಟ್ ಗೋಡೆಗಳ ನಡುವೆ ಇಟ್ಟಿದ್ದರು. ಸಿಡಿದ ತುಂಡುಗಳನ್ನು ಕತ್ತರಿಸಿ ನೋಡಿದಾಗ ಗುಟ್ಟು ಗೊತ್ತಾಯ್ತು. ಉಕ್ಕಿಗೆ ಗಟ್ಟಿತನ ಕೊಡೋದು ಅದರಲ್ಲಿರುವ ಇಂಗಾಲ. ಬಿಸಿ ಹೈಡ್ರೋಜನ್ ಲೋಹದೊಳಕ್ಕೇ ನುಗ್ಗಿ ಆ ಇಂಗಾಲವನ್ನು ಹಿಡಿದು ಮೀಥೇನ್ ಅನಿಲ ಆಗ್ತಿತ್ತು. ಗೆದ್ದಲು ಹಿಡಿದ ತೊಲೆಯ ಹಾಗೆ, ಹೊರಗೆ ನೋಡೋಕೆ ಚೆನ್ನಾಗಿದೆ, ಒಳಗೆ ಟೊಳ್ಳು.

ಇಂಗಾಲ ಇಲ್ಲದ ಮೆತು ಕಬ್ಬಿಣ ಬಳಸಿದರೆ ಹೈಡ್ರೋಜನ್‌ಗೆ ತಿನ್ನೋಕೆ ಏನೂ ಇಲ್ಲ, ಆದರೆ ಅದಕ್ಕೆ 200 ಪಟ್ಟು ಒತ್ತಡ ತಡೆಯುವ ಶಕ್ತಿ ಇಲ್ಲ. ಗಟ್ಟಿ ಉಕ್ಕು ಬಳಸಿದರೆ ಒತ್ತಡ ತಡೆಯುತ್ತೆ, ಹೈಡ್ರೋಜನ್ ತಡೆಯಲ್ಲ. ಬಾಷ್ ಏನು ಮಾಡಿದರು ಅಂದ್ರೆ, ಎರಡನ್ನೂ ಬಳಸಿದರು. ಒಳಗೆ ಮೆತು ಕಬ್ಬಿಣದ ತೆಳು ಒಳಪದರ, ಹೊರಗೆ ಗಟ್ಟಿ ಉಕ್ಕಿನ ದಪ್ಪ ಕವಚ. ಒಳಪದರದ ಮೂಲಕ ಸ್ವಲ್ಪ ಹೈಡ್ರೋಜನ್ ನುಸುಳೇ ನುಸುಳುತ್ತೆ, ಅದು ಹೊರಗಿನ ಉಕ್ಕನ್ನು ತಿನ್ನದೆ ಇರಬೇಕಲ್ಲ? ಅದಕ್ಕೆ ಹೊರಕವಚಕ್ಕೆ ಸಣ್ಣ ಸಣ್ಣ ತೂತು ಕೊರೆದರು! 200 ಪಟ್ಟು ಒತ್ತಡದ ಪಾತ್ರೆಗೆ ಬೇಕಂತಲೇ ತೂತು. ನುಸುಳಿದ ಹೈಡ್ರೋಜನ್ ಒತ್ತಡ ಕಟ್ಟಿಕೊಳ್ಳದೆ ಸುಮ್ಮನೆ ಹೊರಗೆ ಹೋಯ್ತು. ಸೋರಿಕೆ ನಿಲ್ಲಿಸೋಕೆ ಹೋಗದೆ, ಸ್ವಲ್ಪ ಸೋರಲಿ ಅಂತ ಒಪ್ಪಿಕೊಂಡರು. ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ಅತ್ಯಂತ ಜಾಣ ನಡೆ ಇದು, ಹೇಬರ್ ಅವರ ರಸಾಯನ ಶಾಸ್ತ್ರಕ್ಕಿಂತ ಒಂದು ತೂಕ ಜಾಸ್ತಿ.

1913ರ ಸೆಪ್ಟೆಂಬರ್‌ನಲ್ಲಿ ಲುಡ್ವಿಗ್ಸ್‌ಹಾಫೆನ್ ಪಕ್ಕದ ಒಪ್ಪಾವ್‌ನಲ್ಲಿ ಜಗತ್ತಿನ ಮೊದಲ ಅಮೋನಿಯಾ ಸಂಶ್ಲೇಷಣೆಯ ಕಾರ್ಖಾನೆ ಶುರುವಾಯ್ತು. ಲೋಟದಿಂದ ದಿನಕ್ಕೆ ಹತ್ತಾರು ಟನ್ನಿಗೆ, ಬರೀ ನಾಲ್ಕು ವರ್ಷದಲ್ಲಿ.

ಸುತ್ತು ಹೊಡೆಸುವ ಉಪಾಯಕ್ಕೂ ಒಂದು ಸಣ್ಣ ದಂಡ ಇತ್ತು, ಅದನ್ನು ಹೇಳಿಬಿಡ್ತೀನಿ. ಗಾಳಿಯಲ್ಲಿ ನೂರಕ್ಕೆ ಒಂದರ ಹತ್ತಿರ ಆರ್ಗಾನ್ ಇದೆ. ಅದು ಯಾವ ಕ್ರಿಯೆಗೂ ಸೇರಲ್ಲ, ಸುಮ್ಮನೆ ಸುತ್ತುತ್ತೆ. ನೈಟ್ರೋಜನ್, ಹೈಡ್ರೋಜನ್ ಖರ್ಚಾಗ್ತಾ ಹೋದಂತೆ ಇದು ಸೇರ್ತಾ ಹೋಗುತ್ತೆ, ಟಿಕೆಟ್ ತಗೊಳ್ಳದೆ ಕೂತ ಪ್ರಯಾಣಿಕನ ಹಾಗೆ. ಹೊರಗೆ ಹಾಕಬೇಕಾದರೆ ಸುತ್ತುವ ಅನಿಲದ ಸ್ವಲ್ಪ ಭಾಗವನ್ನೇ ಬಿಡಬೇಕು. ಆರ್ಗಾನ್ ಜೊತೆ ದುಬಾರಿ ಹೈಡ್ರೋಜನ್ ಕೂಡ ಹೋಗುತ್ತೆ. ಜಾಸ್ತಿ ಬಿಟ್ಟರೆ ನಷ್ಟ, ಕಡಿಮೆ ಬಿಟ್ಟರೆ ರಿಯಾಕ್ಟರ್ ಉಸಿರುಗಟ್ಟುತ್ತೆ.

ಇನ್ನೊಂದು ಪ್ರಶ್ನೆ ನಿಮ್ಮ ತಲೆಗೆ ಬಂದಿರಬಹುದು: ಒತ್ತಡ ಇನ್ನೂ ಏರಿಸಿ ಹದಿನೈದನ್ನು ನಲವತ್ತು ಮಾಡಬಹುದಿತ್ತಲ್ವಾ? ಫ್ರಾನ್ಸಿನ ಜಾರ್ಜ್ ಕ್ಲಾಡ್ ಅದನ್ನೇ ಮಾಡಿದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರು ಸುಮಾರು 1000 ಪಟ್ಟು ಒತ್ತಡಕ್ಕೆ ಹೋದರು. ಒಂದು ಸಲಕ್ಕೆ ನೂರಕ್ಕೆ 40ರಷ್ಟು ಅಮೋನಿಯಾ ಬಂತು. ಅನಿಲವನ್ನು ಮತ್ತೆ ಸುತ್ತು ಹೊಡೆಸೋ ಗೋಜೇ ಇಲ್ಲ. ಆದರೆ ಅಮೋನಿಯಾ ಆಗುವಾಗ ಶಾಖ ಹುಟ್ಟುತ್ತೆ. ಒಂದೇ ಕಡೆ ಅಷ್ಟೊಂದು ಅಮೋನಿಯಾ ಆದರೆ ಅಷ್ಟೂ ಶಾಖ ಅಲ್ಲೇ. ಅದನ್ನು ಹೊರತೆಗೆಯೋದು ಕಷ್ಟವಾಗಿ ಕ್ಯಾಟಲಿಸ್ಟ್ ಬೇಗ ಸಾಯ್ತಿತ್ತು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದ ಕಾರ್ಖಾನೆ ವ್ಯಾಪಾರದಲ್ಲಿ ಹಿಂದೆ ಬಿತ್ತು. ಕೊನೆಗೆ ಗೆದ್ದದ್ದು ಸುತ್ತು ಹೊಡೆಸುವ ದಾರಿಯೇ.

ಇಲ್ಲಿಯವರೆಗೆ ದಂಡ ಕಟ್ಟಿದ್ದು ಯಂತ್ರಗಳು. ಇನ್ನು ಮುಂದೆ ಮನುಷ್ಯರು.

1914ರಲ್ಲಿ ಯುದ್ಧ ಶುರುವಾಯ್ತು. ಬ್ರಿಟಿಷ್ ನೌಕಾಪಡೆ ಸಮುದ್ರ ದಾರಿ ಕಟ್ಟಿತು, ಚಿಲಿಯ ನೈಟ್ರೇಟ್ ಜರ್ಮನಿಗೆ ಬರುವುದು ನಿಂತಿತು. ನೈಟ್ರೇಟ್ ಗೊಬ್ಬರಕ್ಕೂ ಬೇಕು, ಮದ್ದುಗುಂಡಿಗೂ ಬೇಕು. ಅಮೋನಿಯಾವನ್ನು ನೈಟ್ರಿಕ್ ಆಮ್ಲ ಮಾಡಿ ಸೇನೆಗೆ ಕೊಡ್ತೀವಿ ಅಂತ ಬಾಷ್ ಮಾತು ಕೊಟ್ಟರು, 1915ರಲ್ಲಿ ಒಪ್ಪಾವ್ ಅದನ್ನು ಮಾಡಿತು. ಹೊಲಕ್ಕೆ ಅಂತ ಕಟ್ಟಿದ ಕಾರ್ಖಾನೆ ಯುದ್ಧವನ್ನು ವರ್ಷಗಟ್ಟಲೆ ಎಳೆಯಲು ನೆರವಾಯ್ತು. ಹೇಬರ್ ಅದೇ ವರ್ಷ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ವಿಷಾನಿಲದ ದಾಳಿಯ ಹಿಂದೆ ನಿಂತರು. ಹತ್ತು ದಿನದ ನಂತರ ಅವರ ಪತ್ನಿ, ಸ್ವತಃ ರಸಾಯನ ವಿಜ್ಞಾನಿ ಕ್ಲಾರಾ ಇಮ್ಮರ್‌ವಾರ್ ತೀರಿಕೊಂಡರು. ಅಮೋನಿಯಾಕ್ಕೆ ಹೇಬರ್‌ಗೆ 1918ರ ನೊಬೆಲ್ ಬಂದಾಗ ಅನೇಕರು ಸಿಟ್ಟಾದದ್ದರಲ್ಲಿ ಆಶ್ಚರ್ಯ ಇಲ್ಲ. ಆ ಕಥೆಗೆ ಬೇರೆ ಸಂಚಿಕೆಯೇ ಬೇಕು. ನಾವು ಒಪ್ಪಾವ್‌ನಲ್ಲೇ ಇರೋಣ.

ಯುದ್ಧದ ನಂತರ ಒಪ್ಪಾವ್ ಮತ್ತೆ ಗೊಬ್ಬರಕ್ಕೆ ತಿರುಗಿತು. ಅಮೋನಿಯಂ ನೈಟ್ರೇಟ್ ಒಳ್ಳೆ ಗೊಬ್ಬರ, ಆದರೆ ಸಿಡಿಯುತ್ತೆ. ಅದಕ್ಕೆ ಅಮೋನಿಯಂ ಸಲ್ಫೇಟ್ ಬೆರೆಸಿದರೆ ಸಿಡಿಯುವ ಗುಣ ಕಡಿಮೆ ಆಗುತ್ತೆ. ಸುರಕ್ಷತೆಗಾಗಿ ಮಾಡಿದ ಬೆರಕೆ ಇದು. ಆದರೆ ಇದಕ್ಕೂ ದಂಡ ಇತ್ತು. ಗೋದಾಮಿನಲ್ಲಿ ಈ ಬೆರಕೆ ತೇವ ಎಳೆದುಕೊಂಡು, ತನ್ನದೇ ಭಾರಕ್ಕೆ ಕಲ್ಲಾಗಿ ಕೂರುತ್ತಿತ್ತು. ಗುದ್ದಲಿ ಇಳಿಯುತ್ತಿರಲಿಲ್ಲ. ಬೆರಕೆ ಹೇಗೂ ಸಿಡಿಯಲ್ಲ ಅನ್ನೋ ಧೈರ್ಯದಲ್ಲಿ, ಅದನ್ನು ಸಡಿಲಿಸೋಕೆ ಸಣ್ಣ ಡೈನಮೈಟ್ ಇಟ್ಟು ಸಿಡಿಸುತ್ತಿದ್ದರು! ಒಂದೆರಡು ಸಲ ಅಲ್ಲ, ಸಾವಿರಾರು ಸಲ. ಏನೂ ಆಗಿರಲಿಲ್ಲ.

1921ರ ಸೆಪ್ಟೆಂಬರ್ 21ರ ಬೆಳಿಗ್ಗೆ ಆಯ್ತು. ಸುಮಾರು 4,500 ಟನ್ ಗೊಬ್ಬರ ಇದ್ದ ಗೋದಾಮು. ಅಷ್ಟೂ ಸಿಡಿಯಲಿಲ್ಲ, ಹತ್ತರಲ್ಲೊಂದು ಭಾಗ ಸಿಡಿದಿರಬಹುದು. ಅಷ್ಟಕ್ಕೇ ನೆಲದಲ್ಲಿ ದೊಡ್ಡ ಹೊಂಡ ಬಿತ್ತು, ಒಪ್ಪಾವ್‌ನ ಹೆಚ್ಚಿನ ಮನೆಗಳು ನೆಲಕಚ್ಚಿದವು. 500ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಹೆಚ್ಚಿನವರು ಕೆಲಸಗಾರರು ಮತ್ತು ಅವರ ಊರಿನವರು.

ಬೆರಕೆಯ ಗುಣ ರಾಶಿಯಲ್ಲಿ ಎಲ್ಲ ಕಡೆ ಒಂದೇ ಇರುತ್ತೆ ಅಂತ ಅವರು ನಂಬಿದ್ದರು. ಒಂದು ಮೂಲೆಯಲ್ಲಿ ನೈಟ್ರೇಟ್ ಸ್ವಲ್ಪ ಜಾಸ್ತಿ ಇದ್ದರೆ, ಪುಡಿ ಸ್ವಲ್ಪ ನುಣ್ಣಗೆ, ಒಣಗಿ ಇದ್ದರೆ, ಸುರಕ್ಷಿತ ಅನ್ನೋ ಗೆರೆ ಅಲ್ಲಿ ದಾಟಿಹೋಗುತ್ತೆ. ಸಾವಿರಾರು ಸಲ ಏನೂ ಆಗಿಲ್ಲ ಅನ್ನೋದು ಸುರಕ್ಷತೆಗೆ ಸಾಕ್ಷಿ ಅಲ್ಲ. ಇಷ್ಟಾಗಿಯೂ ಅದೇ ಒಪ್ಪಾವ್‌ ಕಾರ್ಖಾನೆಯನ್ನು ತಿಂಗಳುಗಳಲ್ಲೇ ರಿಪೇರಿ ಮಾಡಿ ಮತ್ತೆ ಓಡಿಸಿದರು. ಗೊಬ್ಬರಕ್ಕೆ ಅಷ್ಟು ಬೇಡಿಕೆ.

ಮುಂದಿನ ದಶಕಗಳನ್ನು ಬೇಗ ದಾಟೋಣ. 1960ರ ದಶಕದಲ್ಲಿ ದೊಡ್ಡ ಬದಲಾವಣೆ ಬಂತು. ಅಲ್ಲಿಯವರೆಗೆ ಅನಿಲವನ್ನು ಒತ್ತುತ್ತಿದ್ದದ್ದು ಪಿಸ್ಟನ್ ಕಂಪ್ರೆಸರುಗಳು, ದುಬಾರಿ, ಸದಾ ರಿಪೇರಿ. ಅಮೆರಿಕದ ಕೆಲಾಗ್ ಕಂಪನಿ ಅವುಗಳ ಜಾಗದಲ್ಲಿ ಉಗಿಯಿಂದ ತಿರುಗುವ ಸೆಂಟ್ರಿಫ್ಯೂಗಲ್ ಕಂಪ್ರೆಸರ್ ತಂದಿತು. ಇದಕ್ಕೆ 300 ಪಟ್ಟು ಒತ್ತಡ ಕೊಡೋದು ಕಷ್ಟ, 150ರ ಆಸುಪಾಸಿಗೆ ಇಳಿಯಬೇಕು. ಅಂದ್ರೆ ರಿಯಾಕ್ಟರ್‌ನ ಅಂಕ ಇನ್ನಷ್ಟು ಕಮ್ಮಿ! ಆದರೂ ಒಪ್ಪಿದರು, ಯಾಕಂದ್ರೆ ಕಾರ್ಖಾನೆಯ ಒಟ್ಟು ಖರ್ಚು ಇಳಿಯಿತು. ಇಲ್ಲೂ ದಂಡ ಇದೆ: ಈ ಯಂತ್ರ ಸಣ್ಣ ಕಾರ್ಖಾನೆಗೆ ಹೊಂದಲ್ಲ, ದಿನಕ್ಕೆ ನೂರಾರು ಟನ್ ಬೇಕು. ಹತ್ತು ಸಣ್ಣ ಲೈನುಗಳ ಬದಲು ಒಂದೇ ದೊಡ್ಡ ಲೈನು. ಒಂದು ಯಂತ್ರ ನಿಂತರೆ ಇಡೀ ಕಾರ್ಖಾನೆ ನಿಲ್ಲುತ್ತೆ.

ಇಂಥ ನೂರಾರು ಚೌಕಾಸಿಗಳಿಂದ ಶಕ್ತಿಯ ಖರ್ಚು ಇಳಿಯುತ್ತ ಬಂತು. ಮೊದಲ ಕಾಲದಲ್ಲಿ ಒಂದು ಟನ್ ಅಮೋನಿಯಾಕ್ಕೆ ಸುಮಾರು 100 ಗಿಗಾಜೂಲ್ ಶಕ್ತಿ ಬೇಕಿತ್ತು, ಇವತ್ತಿನ ಅತ್ಯುತ್ತಮ ಕಾರ್ಖಾನೆಯಲ್ಲಿ 28ರ ಸುತ್ತಮುತ್ತ. ಗಿಗಾಜೂಲ್ ಅಂದ್ರೆ ಏನೂ ಹೊಳೆಯಲ್ಲ ಅಲ್ವಾ? ಆ ಯೂರಿಯಾ ಚೀಲಕ್ಕೆ ಲೆಕ್ಕ ಹಾಕೋಣ. 45 ಕೆ.ಜಿ. ಯೂರಿಯಾಕ್ಕೆ ಸುಮಾರು 26 ಕೆ.ಜಿ. ಅಮೋನಿಯಾ ಬೇಕು. ಅದನ್ನು ಮಾಡಲು ಹೋಗುವ ಶಕ್ತಿ ಸುಮಾರು 20 ಲೀಟರ್ ಡೀಸೆಲ್‌ನಲ್ಲಿರುವಷ್ಟು. ಇದು ಒಳ್ಳೆಯ ಕಾರ್ಖಾನೆಯ ಲೆಕ್ಕ, ಅದೂ ಬರೀ ಅಮೋನಿಯಾದ್ದು.

ಈ ಶಕ್ತಿಯ ದೊಡ್ಡ ಪಾಲು ಹೋಗೋದು ಹೈಡ್ರೋಜನ್ ಮಾಡಲು. ಇಲ್ಲೇ ಪಣಂಬೂರು ಬರೋದು. ಮಂಗಳೂರಿನ ಬಂದರಿನ ಪಕ್ಕ 1976ರಿಂದ ಓಡುತ್ತಿರುವ ಎಂಸಿಎಫ್ ಕಾರ್ಖಾನೆ ದಶಕಗಳ ಕಾಲ ಹೈಡ್ರೋಜನ್ ತೆಗೆದದ್ದು ನಾಫ್ತಾದಿಂದ. ನಾಫ್ತಾ ಅಂದ್ರೆ ಕಚ್ಚಾ ತೈಲ ಶುದ್ಧ ಮಾಡುವಾಗ ಸಿಗುವ ಪೆಟ್ರೋಲಿನಂಥ ದ್ರವ. ಅದರಲ್ಲಿ ಒಂದು ಇಂಗಾಲಕ್ಕೆ ಹೆಚ್ಚು ಕಡಿಮೆ ಎರಡು ಹೈಡ್ರೋಜನ್. ನೈಸರ್ಗಿಕ ಅನಿಲದಲ್ಲಿ ಒಂದು ಇಂಗಾಲಕ್ಕೆ ನಾಲ್ಕು. ಅನಿಲ ಬಳಸಿದರೆ ಖರ್ಚೂ ಕಡಿಮೆ, ಹೊಗೆಯೂ ಕಡಿಮೆ. ಗೊತ್ತಿದ್ದರೂ ಏನು ಮಾಡೋದು, ಪೈಪ್ ಬರಬೇಕಲ್ಲ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪ್‌ಲೈನ್ ಉದ್ಘಾಟನೆ ಆಗಿದ್ದು 2021ರ ಜನವರಿಯಲ್ಲಿ. ಅಲ್ಲಿಯವರೆಗೆ ದುಬಾರಿ ನಾಫ್ತಾದ ಹೊರೆಯಲ್ಲಿ ದೊಡ್ಡ ಪಾಲು ಸರ್ಕಾರದ ಯೂರಿಯಾ ಸಬ್ಸಿಡಿಯ ಲೆಕ್ಕಕ್ಕೆ ಹೋಗುತ್ತಿತ್ತು. ಅಂದ್ರೆ ದಂಡ ಕಟ್ಟುತ್ತಿದ್ದದ್ದು ನಾವು ನೀವು.

ಅನಿಲದಲ್ಲೂ ಇಂಗಾಲ ಇದ್ದೇ ಇದೆ. ಯೂರಿಯಾ ಮಾಡುವಾಗ ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲು ಬಳಕೆಯಾಗುತ್ತೆ, ಆದರೆ ಯೂರಿಯಾ ಹೊಲಕ್ಕೆ ಬಿದ್ದ ಮೇಲೆ ಅದು ಮತ್ತೆ ಗಾಳಿಗೇ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯಾ ತಯಾರಾಗುತ್ತೆ, ಶಕ್ತಿ ಕ್ಷೇತ್ರದಿಂದ ಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಇದೊಂದರಿಂದಲೇ.

ಹಾಗಾಗಿ ಈಗ ಹಸಿರು ಅಮೋನಿಯಾದ ಮಾತು. ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತಗೊಳ್ಳೋದು. ಹೊಗೆ ಇಲ್ಲ. ಆದರೆ ಬಿಸಿಲು ಸಂಜೆ ಹೋಗುತ್ತೆ, ರಿಯಾಕ್ಟರ್ 450 ಡಿಗ್ರಿಯಲ್ಲಿ ಹಗಲೂ ರಾತ್ರಿ ಒಂದೇ ಸಮ ಓಡಬೇಕು ಅನ್ನುತ್ತೆ. ದಿನಾ ಬಿಸಿ ಮಾಡಿ ದಿನಾ ಆರಿಸಿದರೆ ಉಕ್ಕೂ ದಣಿಯುತ್ತೆ, ಕ್ಯಾಟಲಿಸ್ಟೂ ದಣಿಯುತ್ತೆ. ಹೈಡ್ರೋಜನ್ ಕೂಡಿಡುವ ದೊಡ್ಡ ಟ್ಯಾಂಕು ಕಟ್ಟಬೇಕು, ಇಲ್ಲವೇ ಕಡಿಮೆ ಶಾಖ, ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ ಕ್ಯಾಟಲಿಸ್ಟ್ ಬೇಕು. ಅಂಥದ್ದು ಒಂದು ಇದೆ, ರುಥೇನಿಯಂ. 1990ರ ದಶಕದಿಂದ ಕೆಲವು ಕಾರ್ಖಾನೆಗಳಲ್ಲಿ ಬಳಕೆಯಲ್ಲೂ ಇದೆ. ಆದರೆ ವಿಪರೀತ ದುಬಾರಿ, ಅಪರೂಪ. ಕೈಲಿರೋ ಫೋನಿನಲ್ಲಿ ಆವರ್ತ ಕೋಷ್ಟಕ ತೆಗೆದು ನೋಡಿ: ಮಿಟಾಶ್ ಅವರ ಕಬ್ಬಿಣದ ಕೆಳಗಿನ ಮನೆಯಲ್ಲೇ ರುಥೇನಿಯಂ ಇದೆ. ಅದರ ಕೆಳಗೆ ಆಸ್ಮಿಯಂ.